ಎರಡು ಡಾಲ್ಫಿನ್, ಒಂದು ಹೆರೆಮಣೆ

ಕೆಲವರು ಪ್ರವಾಸ ಹೋಗುವುದಕ್ಕಾಗಿ ಯೋಜನೆ ಹಾಕುತ್ತಾರೆ. ನಾನು ಯೋಜನೆ ಹಾಕುವ ಚಟಕ್ಕಾಗಿ ಪ್ರವಾಸ ಹೋಗುವವಳು. ಕಾಣಿಯೂರಿನಿಂದ ಪುತ್ತೂರಿಗೆ ಹೋಗಿ ಕುಕ್ಕರಿನ ಗ್ಯಾಸ್ಕೆಟ್ ತರುವುದಿದ್ದರೂ ನನ್ನ ಬ್ಯಾಗಿನಲ್ಲಿ ಒಂದು ಚೀಟಿ ಇರುತ್ತದೆ. ಯಾವ ಬಸ್ಸು, ಅದು ತಪ್ಪಿದರೆ ಯಾವುದು, ಗ್ಯಾಸ್ಕೆಟ್ ಒಂದು ಅಂಗಡಿಯಲ್ಲಿ ಸಿಗದಿದ್ದರೆ ಮುಂದಿನದು ಯಾವುದು, ನಡುವೆ ಮಳೆ ಬಂದರೆ ಯಾರ ಜಗಲಿ, ಎಲ್ಲವೂ ಅದರಲ್ಲಿ ಉಂಟು. ಒಮ್ಮೆ ಹೀಗೆ ಎಲ್ಲ ಬರೆದುಕೊಂಡು ಹೋದವಳು ಹಳೆಯ ಗ್ಯಾಸ್ಕೆಟನ್ನು ಅಳತೆಗೆ ಒಯ್ಯಲು ಮರೆತೆ. ಕಣ್ಣಂದಾಜಿನಲ್ಲಿ ತಂದದ್ದು ನಮ್ಮ ಕುಕ್ಕರಿಗೂ ಆಗಲಿಲ್ಲ, ನೆರೆಮನೆಯ ಕುಕ್ಕರಿಗೂ ಆಗಲಿಲ್ಲ. ಈಗ ಅದು ನಮ್ಮ ಶಾಲೆಯಲ್ಲಿ ಮಕ್ಕಳಿಗೆ ರಿಂಗ್ ಎಸೆಯುವ ಆಟಕ್ಕೆ ಬಳಕೆಯಾಗುತ್ತಿದೆ.

ಈ ಕಾಯಿಲೆ ಹತ್ತಿದ್ದು ಗುಂಡ್ಯದಲ್ಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದೆವು. ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿದು, ಹೊರಟ ಮೇಲೆ ತಲೆ ಎಣಿಸಿದರೆ ನಲವತ್ತೆರಡು ಮಕ್ಕಳು ನಲವತ್ತಮೂರು ಆಗಿದ್ದರು. ನಾಲ್ಕು ಸಲ ಎಣಿಸಿದೆ, ನಲವತ್ತಮೂರೇ. ಒಂದು ಕಡಿಮೆಯಾದರೆ ಹುಡುಕಬಹುದು, ಒಂದು ಹೆಚ್ಚಾದರೆ ಯಾರನ್ನು ಹುಡುಕುವುದು? ಕೊನೆಗೆ ಹಿಂದಿನ ಸೀಟಿನಲ್ಲಿ ನಮ್ಮ ಮಕ್ಕಳ ಚಕ್ಕುಲಿ ತಿನ್ನುತ್ತ ಕೂತಿದ್ದ ಬೇರೆ ಶಾಲೆಯ ಹುಡುಗ ಸಿಕ್ಕಿದ. ಅವರ ಬಸ್ಸಿನಲ್ಲಿ ಟಿವಿ ಇರಲಿಲ್ಲವಂತೆ, ನಮ್ಮದರಲ್ಲಿ ಇತ್ತಂತೆ, ಹಾಗೆ ಹತ್ತಿದನಂತೆ. ಅವನನ್ನು ವಾಪಸು ಒಪ್ಪಿಸಿ ಬರುವಷ್ಟರಲ್ಲಿ ಆ ಶಾಲೆಯ ಟೀಚರು ನನ್ನನ್ನು ಮಕ್ಕಳ ಕಳ್ಳಿಯೆಂದೇ ತೀರ್ಮಾನಿಸಿ ಆಗಿತ್ತು. ಅಂದಿನಿಂದ ನಾನು ಬರೆದಿಡದೆ ಎಲ್ಲಿಗೂ ಹೊರಟವಳಲ್ಲ.

ಇಷ್ಟು ಎಚ್ಚರದ ಹೆಂಗಸು ಒಂದು ಸುಳ್ಳನ್ನು ಮಾತ್ರ ಯಾವ ಯೋಜನೆಯೂ ಇಲ್ಲದೆ ಹೇಳಿಬಿಟ್ಟಿದ್ದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಎಂಟನೆಯ ತರಗತಿಗೆ ಮುಂಬಯಿಯ ಎಲಿಫೆಂಟಾ ಗುಹೆಯ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಹೆಬ್ಬೆರಳಿನಷ್ಟು ಒಂದು ಚಿತ್ರ, ಅದರಲ್ಲಿ ಮೂರು ಮುಖದ ಶಿವ. ಅಚ್ಚಿನ ಶಾಯಿ ಹರಡಿ ಮೂರು ಮುಖವೂ ಒಂದೇ ಆಗಿತ್ತು. ದಿನೇಶ ಎಂಬ ಹುಡುಗ ಎದ್ದು ನಿಂತು, "ಟೀಚರ್, ನೀವು ಇದನ್ನು ನೋಡಿದ್ದೀರಾ?" ಎಂದು ಕೇಳಿದ. ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಹುಡುಗನ ಕಣ್ಣಿನಲ್ಲಿ ಎಂಥ ಆಸೆ ಇತ್ತೆಂದರೆ, ನನ್ನ ಬಾಯಿ ತಾನಾಗಿಯೇ "ಹೌದು" ಎಂದಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ದೋಣಿಯಲ್ಲಿ ಹೋಗುದಾ ಟೀಚರ್?" ಎಂದ. "ಮತ್ತೆ? ದೋಣಿಯ ಪಕ್ಕದಲ್ಲೇ ಎರಡು ಡಾಲ್ಫಿನ್ ಹಾರಿಕೊಂಡು ಬಂದವು" ಎಂದೆ. ಡಾಲ್ಫಿನ್ ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳಿನ ತೊಂದರೆ ಏನೆಂದರೆ ಒಮ್ಮೆ ಹೇಳಿ ಮುಗಿಯುವುದಿಲ್ಲ. ಹಳ್ಳಿಶಾಲೆಯಲ್ಲಿ ಅಣ್ಣನಿಗೆ ಹೇಳಿದ್ದನ್ನು ತಮ್ಮನಿಗೆ ಹೇಳದಿದ್ದರೆ ಆಗುತ್ತದೆಯೇ? ಮುಂದಿನ ವರ್ಷದ ಮಕ್ಕಳು ಪಾಠ ಬರುವ ಮೊದಲೇ "ಡಾಲ್ಫಿನ್ ಯಾವಾಗ ಟೀಚರ್?" ಎಂದು ಕೇಳತೊಡಗಿದರು. ಹೀಗೆ ಇಪ್ಪತ್ತು ವರ್ಷ ಆ ಎರಡು ಡಾಲ್ಫಿನ್‌ಗಳನ್ನು ಸಾಕಿದ್ದೇನೆ.

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಾಗ ನನಗೆ ಒಳಗಿಂದ ಕೊರೆಯಲು ಶುರುವಾಯಿತು. ಕೊನೆಯ ಬೀಳ್ಕೊಡುಗೆಯ ದಿನ ಮಕ್ಕಳು "ಸತ್ಯವನ್ನೇ ಕಲಿಸಿದ ಟೀಚರು" ಎಂದು ಭಾಷಣ ಮಾಡುತ್ತಾರೆ. ಮಾಡದೆ ಬಿಡುವುದಿಲ್ಲ, ಏಕೆಂದರೆ ಆ ಭಾಷಣಗಳನ್ನು ಬರೆದುಕೊಡುವವಳು ನಾನೇ. ಅಷ್ಟರೊಳಗೆ ಒಮ್ಮೆಯಾದರೂ ಆ ಗುಹೆಯನ್ನು ಕಣ್ಣಾರೆ ನೋಡಿ ಬಂದರೆ ಹಳೆಯ ಸುಳ್ಳು ಹಿಂದಿನಿಂದ ಬಂದು ನಿಜವಾಗುತ್ತದೆ ಎಂಬುದು ನನ್ನ ಲೆಕ್ಕ. ದೀಪಾವಳಿ ಕಳೆದ ಮೇಲೆ ರಜೆ ಹೊಂದಿಸಿಕೊಂಡು, ಡ್ರಾಯಿಂಗ್ ಶೀಟ್ ಹಾಸಿ, ಸ್ಕೆಚ್ ಪೆನ್ ಹಿಡಿದು ಮುಂಬಯಿಯ ಯೋಜನೆಗೆ ಕೂತೆ. ಹಸಿರು ಬಣ್ಣದಲ್ಲಿ ಸಂಸ್ಕೃತಿ: ಮ್ಯೂಸಿಯಂ, ಚಿತ್ರಕಲೆಯ ಗ್ಯಾಲರಿ, ಒಂದು ಮರಾಠಿ ನಾಟಕ, ಎಲಿಫೆಂಟಾ. ಕೆಂಪು ಬಣ್ಣದಲ್ಲಿ ಸುರಕ್ಷತೆ: ಗುರುತುಚೀಟಿಯ ಪ್ರತಿ ಮೂರು ಕಡೆ ಇಡಬೇಕು, ಉಳಿಯುವ ಜಾಗ ಯಾರಿಗೂ ಹೇಳಬಾರದು, ಹರಿತವಾದ ವಸ್ತು ಬ್ಯಾಗಿನಲ್ಲಿ ಇರಬಾರದು, ಯಾವ ಕಾರಣಕ್ಕೂ ಇತರರ ಸಾಮಾನು ಹೊರಬಾರದು, ಕುತ್ತಿಗೆಯಲ್ಲಿ ಪಿ.ಟಿ. ಮಾಸ್ಟರರ ಸೀಟಿ ಇರಬೇಕು. ಗುಹೆಗೆ ಬುಧವಾರವೆಂದು ಬರೆದು ಅದರ ಸುತ್ತ ಮೂರು ಸುತ್ತು ಹಸಿರು ಗೆರೆ ಎಳೆದೆ.

ನನ್ನ ಗಂಡನಿಗೆ ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ. ಒಳ್ಳೆಯ ಮನುಷ್ಯ, ಅವರಲ್ಲಿ ಇರುವುದು ಎರಡೇ ದೋಷ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಆಗುವುದಿಲ್ಲ ಎನ್ನಲೂ ಬರುವುದಿಲ್ಲ. ಯಾರು ಏನು ತಂದುಕೊಟ್ಟರೂ "ಆಯ್ತು, ಕೊಡಿ ಮಾರಾಯ್ರೆ" ಎನ್ನುತ್ತಾರೆ. ಹಾಗಾಗಿ ಅಂಗಡಿಯ ಮೂಲೆಯಲ್ಲಿ ಪಂಪುಗಳ ಜೊತೆಗೆ ಯಾರದೋ ಹೊಲಿಗೆ ಯಂತ್ರ, ಯಾರದೋ ಗೋಡೆ ಗಡಿಯಾರ, ಒಂದು ಬಾರಿ ಯಾರದೋ ಆಡಿನ ಮರಿ ಕೂಡ ಇತ್ತು. ಮುಂಬಯಿ ಎಂದಾಕ್ಷಣ ಅವರ ಮುಖ ಅರಳಿತು.

"ಬೊಂಬಾಯಿಗಾ? ಡೊಂಬಿವಲಿಯಲ್ಲಿ ನಮ್ಮ ಚಿಕ್ಕಮ್ಮನ ಮಗ ಇದ್ದಾನೆ, ಭಾಂಡುಪಿನಲ್ಲಿ..."

"ಯಾರೂ ಬೇಡ. ಲಾಡ್ಜಿನಲ್ಲಿ ನಿಲ್ಲುದು" ಎಂದೆ.

"ಎಂತ ಮಾತಾಡ್ತಿ ನೀನು? ಅಲ್ಲಿ ನಮ್ಮವರು ಇಷ್ಟು ಜನ ಇರುವಾಗ ಲಾಡ್ಜಿನಲ್ಲಿ ನಿಲ್ಲುದಾ? ನಾಳೆ ಒಂದು ಮದುವೆಗೆ ಹೋದ್ರೆ ಮುಖ ಎಲ್ಲಿ ಇಡುದು?"

ನಮ್ಮ ಕಡೆಯವರ ಕಷ್ಟವೇ ಇದು. ಬೊಂಬಾಯಿಗೆ ಹೋಗದವರಿಲ್ಲ, ಬೊಂಬಾಯಿ ನೋಡಿದವರೂ ಇಲ್ಲ. ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ, ಅಕ್ಕನ ಮಗಳ ಹೊಸ ಅಡುಗೆಮನೆ ನೋಡಿದೆವು, ಭಾವನ ಮಗನ ಬಾಲ್ಕನಿ ನೋಡಿದೆವು ಎನ್ನುತ್ತಾರೆ. ಸಮುದ್ರ ಎಂದರೆ "ಉಂಟಂತೆ" ಎನ್ನುತ್ತಾರೆ. ಇದಕ್ಕೆಲ್ಲ ಮೂಲ ಒಂದೇ ಪದ್ಧತಿ, ಕಟ್ಟು. ಊರಿನಿಂದ ಒಬ್ಬರು ಬೊಂಬಾಯಿಗೆ ಹೊರಟರೆ ಆಯಿತು, ಅಲ್ಲಿ ಮಗನೋ ಮಗಳೋ ಇರುವ ಪ್ರತಿಯೊಬ್ಬ ತಾಯಿಯೂ ಒಂದೊಂದು ಕಟ್ಟು ಹಿಡಿದು ಬರುತ್ತಾಳೆ. ಅಂಚೆಯವರ ಮೇಲೆ, ಕೊರಿಯರಿನವರ ಮೇಲೆ ಇಲ್ಲದ ನಂಬಿಕೆ ನಮ್ಮವರಿಗೆ ಪಕ್ಕದ ಮನೆಯವರ ಬ್ಯಾಗಿನ ಮೇಲೆ. ಆದ್ದರಿಂದ ಗಂಡನಿಂದ ದೇವರ ಎದುರು ಮಾತು ತೆಗೆದುಕೊಂಡೆ: ಯಾರಿಗೂ ಹೇಳಕೂಡದು.

ಅವರು ಮಾತು ತಪ್ಪಲಿಲ್ಲ. ಯಾರಿಗೂ ಹೇಳಲಿಲ್ಲ, ಬೋರ್ಡಿನಲ್ಲಿ ಬರೆದರು. "ಬೊಂಬಾಯಿಗೆ ಹೋಗುವ ಕಾರಣ ಮಂಗಳವಾರದಿಂದ ಒಂದು ವಾರ ಅಂಗಡಿ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಅಂಗಡಿಯ ಬಾಗಿಲಿಗೆ ನೇತುಹಾಕಿದ್ದರು. ಅಂಗಡಿ ಇರುವುದು ಬಸ್‌ಸ್ಟಾಪಿನ ಎದುರು.

"ಬರೀ ಅಂಗಡಿ ಇಲ್ಲ ಅಂತ ಬರೆದ್ರೆ ಸಾಕಿತ್ತಲ್ಲ?" ಎಂದು ಕೂಗಾಡಿದೆ.

"ಹಾಗೆ ಬರೆದ್ರೆ ಜನ ಎಂತ ಎಣಿಸುದು? ಯಾರಾದ್ರೂ ಸತ್ತಿದ್ದಾರೋ ಅಂತ ಮನೆಗೇ ಬರುದಿಲ್ವಾ?" ಎಂದರು.

ಸಾವಿನ ಮನೆಯಾಗಿದ್ದರೂ ಅಷ್ಟು ಜನ ಬರುತ್ತಿರಲಿಲ್ಲ. ಮೊದಲು ಬಂದವರು ನೆರೆಮನೆಯ ಗಿರಿಜಕ್ಕ. "ಟೀಚರೇ, ದೊಡ್ಡದೇನೂ ಅಲ್ಲ, ಒಂದು ಸಣ್ಣ ಕಟ್ಟು ಉಂಟು. ಮಗಳಿಗೆ ಹಲಸಿನ ಹಪ್ಪಳ. ಬ್ಯಾಗಿನ ಮೇಲೆ ಇಟ್ರೆ ಆಯ್ತು, ಭಾರವೇ ಇಲ್ಲ" ಎಂದರು. ನಿಜವಾಗಿಯೂ ಭಾರ ಇರಲಿಲ್ಲ. ಆದರೆ ಹಪ್ಪಳ ಹುಡಿಯಾಗಬಾರದೆಂದು ಅದರ ಮೇಲೆ ಏನೂ ಇಡುವಂತಿಲ್ಲ, ಅದನ್ನು ವಾರೆ ಮಾಡುವಂತಿಲ್ಲ, ಅದರ ಹತ್ತಿರ ಜೋರಾಗಿ ಉಸಿರಾಡುವಂತಿಲ್ಲ. ಆಮೇಲೆ ಮಿಡಿ ಉಪ್ಪಿನಕಾಯಿಯ ಭರಣಿ ಬಂತು. ಕುಚ್ಚಲಕ್ಕಿ ಬಂತು. ಬಾಣಂತಿಗೆ ಲೇಹ್ಯ ಬಂತು. ಪತ್ರೊಡೆ ಮಾಡಲೆಂದು ಕೆಸುವಿನ ಎಲೆ ಬಂತು, ಜೊತೆಗೆ ನಾಲ್ಕು ಗಂಟೆಗೊಮ್ಮೆ ನೀರು ಚಿಮುಕಿಸಬೇಕೆಂಬ ಆಜ್ಞೆಯೂ ಬಂತು. ಪ್ರತಿಯೊಬ್ಬರೂ ನನ್ನನ್ನು ಕಂಡು ಹಿಂಜರಿಯುವರು, ಗಂಡನನ್ನು ಕಂಡು ಧೈರ್ಯ ತಾಳುವರು. ಇವರು "ಆಯ್ತು, ಕೊಡಿ ಮಾರಾಯ್ರೆ" ಎನ್ನುವರು. ನಾನು ಗೋಡೆಗೆ ಅಂಟಿಸಿದ್ದ ಯೋಜನೆಯ ಕೆಂಪು ಅಕ್ಷರಗಳನ್ನು ತೋರಿಸಿದರೆ, "ಅದು ಗುರುತಿಲ್ಲದವರ ಸಾಮಾನಿಗೆ. ಇವರ ಗುರುತು ನಮಗೆ ಉಂಟಲ್ಲ" ಎಂದು ವಾದಿಸುವರು. ಹೊರಡುವ ದಿನಕ್ಕೆ ಹನ್ನೆರಡು ಕಟ್ಟುಗಳಾದವು. ನಮ್ಮ ಬಟ್ಟೆಗೆ ಜಾಗ ಸಾಲದೆ ನಾನು ಎರಡು ಸೀರೆ ಕಡಿಮೆ ಮಾಡಿದೆ, ಅವರು ಸ್ವೆಟರ್ ಬಿಟ್ಟರು.

ಹದಿಮೂರನೆಯದು ಬಸ್‌ಸ್ಟಾಪಿನಲ್ಲಿ ಬಂತು. ಪುತ್ತೂರಿನ ಬಸ್ಸು ತಿರುವಿನಲ್ಲಿ ಕಾಣಿಸುವಾಗ ಕಮಲಕ್ಕ ಓಡಿಕೊಂಡು ಬಂದರು. ಕೈಯಲ್ಲಿ ಹಳೆಯ ಲುಂಗಿಯಲ್ಲಿ ಸುತ್ತಿದ ಗಟ್ಟಿ ವಸ್ತು. ಅದು ಹೆರೆಮಣೆ, ಕೂತು ತೆಂಗಿನಕಾಯಿ ಹೆರೆಯುವ ಮರದ ಮಣೆ, ತುದಿಯಲ್ಲಿ ಹಲ್ಲುಹಲ್ಲಿನ ಕಬ್ಬಿಣದ ನಾಲಗೆ. "ಮಿಕ್ಸಿಗೆ ಹಾಕಿದ ಕಾಯಿಯಲ್ಲಿ ರುಚಿ ಉಂಟಾ ಟೀಚರೇ? ಸೊಸೆಗೆ ಅಲ್ಲಿ ಇಂಥದ್ದು ಸಿಕ್ಕುದಿಲ್ಲಂತೆ. ನಮ್ಮ ದಿನೇಶನಿಗೆ ಕೊಟ್ರೆ ಆಯ್ತು. ನಿಮ್ಮ ಸ್ಟೂಡೆಂಟೇ ಅಲ್ವಾ?"

"ಯಾವ ದಿನೇಶ?"

"ನನ್ನ ಮಗ ದಿನೇಶ. ದೋಣಿ ಹೊರಡುವ ಜಾಗದ ಹತ್ತಿರವೇ ಹೋಟೆಲಿನಲ್ಲಿ ಮ್ಯಾನೇಜರ್. ಈಗಲೂ ಫೋನು ಮಾಡಿದ್ರೆ ಟೀಚರ್ ಹೇಗಿದ್ದಾರೆ ಅಂತ ಕೇಳ್ತಾನೆ."

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ "ಆಯ್ತು, ಕೊಡಿ ಮಾರಾಯ್ರೆ" ಕೇಳಿಸಿತು, ಹೆರೆಮಣೆ ಬಸ್ಸು ಹತ್ತಿತು. ಹರಿತವಾದ ವಸ್ತು, ಇತರರ ಸಾಮಾನು: ಒಂದೇ ಮಣೆಯಿಂದ ನನ್ನ ಎರಡು ನಿಯಮಗಳು ಮುರಿದವು. ಆದರೆ ನನ್ನ ಭಯ ಅದಲ್ಲ. ನಾನು ಗುಹೆ ನೋಡುವ ಮೊದಲೇ ಆ ಹುಡುಗನ ಎದುರು ನಿಲ್ಲಬೇಕಾದರೆ ಏನು ಗತಿ? ಮಂಗಳೂರಿನಲ್ಲಿ ರೈಲು ಹತ್ತಿದವಳು ಕಾರವಾರ ದಾಟುವವರೆಗೆ ಒಂದೇ ಲೆಕ್ಕ ಹಾಕಿದೆ. ಬುಧವಾರ ಗುಟ್ಟಾಗಿ ಗುಹೆ ನೋಡಿ ಮುಗಿಸುವುದು, ಆಮೇಲೆ ಮಣೆ ಕೊಡುವುದು. ಆಗ ಅವನು ಏನು ಕೇಳಿದರೂ ಎದೆ ಸೆಟೆಸಿ ಉತ್ತರ ಹೇಳಬಹುದು.

ಬುಧವಾರ ನಾವು ಡೊಂಬಿವಲಿಯಲ್ಲಿದ್ದೆವು. ಕೆಸುವಿನ ಎಲೆ ಬಾಡುತ್ತದೆಂದು ಅದನ್ನು ಮೊದಲು ಮುಟ್ಟಿಸಲೇಬೇಕಾಯಿತು. ಕಟ್ಟು ಕೊಟ್ಟು ಬಾಗಿಲಿನಿಂದಲೇ ಹಿಂದಿರುಗುವುದೆಂದು ನನ್ನ ಯೋಜನೆ. ಅವರು ಬಿಡಬೇಕಲ್ಲ? "ಊರಿನಿಂದ ಬಂದವರು ಹಾಗೇ ಹೋಗುದಾ? ಕೈ ತೊಳೀರಿ, ಎರಡು ನೀರುದೋಸೆ ತಿನ್ನಿ." ಗುರುವಾರ ಭಾಂಡುಪಿನಲ್ಲಿ ಹಪ್ಪಳ ಕೊಟ್ಟು ನೀರುದೋಸೆ ತಿಂದೆವು. ಅದೇ ದಿನ ಠಾಣೆಯಲ್ಲಿ ಲೇಹ್ಯ ಕೊಟ್ಟು ನೀರುದೋಸೆ ತಿಂದೆವು. ಸಾವಿರ ಕಿಲೋಮೀಟರ್ ದೂರ ಬಂದು, ವಡಾಪಾವನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದೆ. ಇದಕ್ಕಿಂತ ದೊಡ್ಡ ಸಂಗತಿ, ನಮ್ಮ ಹೊರೆ ಕಡಿಮೆಯೇ ಆಗಲಿಲ್ಲ. ಒಂದು ಕಟ್ಟು ಕೊಟ್ಟಲ್ಲಿ "ಇದು ಅಮ್ಮನಿಗೆ" ಎಂದು ಇನ್ನೊಂದು ಕೊಡುತ್ತಿದ್ದರು. ಹಪ್ಪಳ ಹೋಗಿ ಸ್ಟೀಲಿನ ಡಬ್ಬ ಬಂತು, ಅಕ್ಕಿ ಹೋಗಿ ಕಂಬಳಿ ಬಂತು. ನನ್ನ ಗಂಡ ಎಲ್ಲದಕ್ಕೂ ಆಯ್ತು ಕೊಡಿ ಎಂದರು.

ಲೋಕಲ್ ಟ್ರೈನಿನಲ್ಲಿ ಒಮ್ಮೆ ಅವರೇ ಕಾಣೆಯಾದರು. ನಾನು ಹೆಂಗಸರ ಡಬ್ಬಿಯಲ್ಲಿ, ಅವರು ಪಕ್ಕದ್ದರಲ್ಲಿ. ನಮ್ಮದಕ್ಕಿಂತ ಒಂದು ನಿಲ್ದಾಣ ಮೊದಲೇ ಜನರ ರಭಸ ಅವರನ್ನು ಭರಣಿ ಸಮೇತ ಕೆಳಗಿಳಿಸಿತು. ಪ್ಲಾಟ್‌ಫಾರ್ಮಿನಲ್ಲಿ ಅವರು ಭರಣಿ ಅಪ್ಪಿಕೊಂಡು ನಿಂತದ್ದು ಕಿಟಕಿಯಿಂದ ಕಂಡಿತು. ನಾನು ಸೀಟಿ ತೆಗೆದು ಊದಿದೆ. ಪಿ.ಟಿ. ಮಾಸ್ಟರರ ಸೀಟಿ ಎಂದರೆ ಸಣ್ಣದಲ್ಲ. ಡಬ್ಬಿಯ ಹೆಂಗಸರೆಲ್ಲ ಸ್ತಬ್ಧರಾದರು, ಪ್ಲಾಟ್‌ಫಾರ್ಮಿನ ಪೊಲೀಸನೊಬ್ಬ ಸುತ್ತ ನೋಡಿದ, ಟ್ರೈನು ಮಾತ್ರ ಹೊರಟೇ ಹೋಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು ಬೆವರುತ್ತ ಕಾದೆ. ಹತ್ತು ನಿಮಿಷದಲ್ಲಿ ಅವರು ಇನ್ನೊಂದು ಟ್ರೈನಿನಿಂದ ನಗುತ್ತ ಇಳಿದರು, ಜೊತೆಗೆ ಒಬ್ಬ ಹೊಸ ಮನುಷ್ಯ. "ಇವರು ಸುಳ್ಯದವರು ಮಾರಾಯ್ತಿ. ಭರಣಿ ನೋಡಿ ಅವರೇ ಮಾತಾಡಿಸಿದ್ದು" ಎಂದರು. ಆ ಮನುಷ್ಯ ನಮ್ಮನ್ನು ಅಂದು ಸಂಜೆ ಒಂದು ಸಭಾಭವನಕ್ಕೆ ಕರೆದೊಯ್ದ. ಅಲ್ಲಿ ಯಕ್ಷಗಾನ ನಡೆಯುತ್ತಿತ್ತು. ಚೆಂಡೆ ಬಾರಿಸುವವರ ಮನೆಯ ಪಂಪನ್ನು ನನ್ನ ಗಂಡನೇ ಹಿಂದಿನ ತಿಂಗಳು ರಿಪೇರಿ ಮಾಡಿದ್ದರು. ಮಡಚಿ ತಂದಿದ್ದ ಶೀಟಿನಲ್ಲಿ ಮರಾಠಿ ನಾಟಕ ಎಂದು ಬರೆದಿದ್ದ ಕಡೆ ನಾನು ಹಸಿರು ಪೆನ್ನಿನಿಂದ ಗೆರೆ ಹೊಡೆದು ಯಕ್ಷಗಾನ ಎಂದು ತಿದ್ದಿದೆ.

ಶನಿವಾರ ಹೇಗೋ ಮ್ಯೂಸಿಯಂ ಬಾಗಿಲಿಗೆ ಮುಟ್ಟಿದೆವು. ಹೆರೆಮಣೆ ಕೈಯಲ್ಲೇ ಇತ್ತು. ದಿನೇಶನ ಹೋಟೆಲಿಗೆ ಅದೇ ದಾರಿ, ಅಲ್ಲಿ ಕೌಂಟರಿನಲ್ಲಿ ಇಟ್ಟು ಓಡಿ ಬರೋಣ ಎಂದು ನನ್ನ ಹುನ್ನಾರ. ಬಾಗಿಲಿನ ಕಾವಲುಗಾರ ಲುಂಗಿ ಬಿಚ್ಚಿಸಿದ. ಮಣೆಯದ್ದು. ಹಲ್ಲುಹಲ್ಲಿನ ಕಬ್ಬಿಣ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಇದೇನು ಎಂದು ಹಿಂದಿಯಲ್ಲಿ ಕೇಳಿದ. ಹೆರೆಮಣೆಗೆ ಹಿಂದಿಯಲ್ಲಿ ಏನೆನ್ನುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಸುಳ್ಳು ಹೇಳಲು ಬಾರದ ನನ್ನ ಗಂಡ ಮಣೆಯನ್ನು ನೆಲಕ್ಕಿಟ್ಟು, ಪ್ಯಾಂಟು ಮೇಲೆಳೆದು, ಅದರ ಮೇಲೆ ಕೂತು, ಇಲ್ಲದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕರಕರನೆ ಹೆರೆದು ತೋರಿಸಿದರು. ಹಿಂದೆ ನಿಂತಿದ್ದ ವಿದೇಶಿಯರು ಫೋಟೋ ತೆಗೆದರು. ಒಬ್ಬಳು ಇದು ಒಳಗಿನ ಪ್ರದರ್ಶನದ ಭಾಗವೇ ಎಂದು ಕೇಳಿದಳು. ಕಾವಲುಗಾರ ನಗುತ್ತಲೇ ಒಳಗೆ ಬಿಡುವುದಿಲ್ಲವೆಂದ. ಕೊನೆಗೆ ಸರದಿಯ ಮೇಲೆ ಮ್ಯೂಸಿಯಂ ನೋಡಿದೆವು. ಅವರು ಒಳಗಿದ್ದಾಗ ನಾನು ಮರದಡಿ ಮಣೆಯ ಮೇಲೆ, ನಾನು ಒಳಗಿದ್ದಾಗ ಅವರು ಮಣೆಯ ಮೇಲೆ. ನಾನು ಹೊರಬಂದಾಗ ಅವರು ಫೋನಿನಲ್ಲಿದ್ದರು.

"ದಿನೇಶನೇ ಮಾಡಿದ. ಕೌಂಟರಿನಲ್ಲೆಲ್ಲ ಇಡುದು ಬೇಡವಂತೆ. ನಾಳೆ ಭಾನುವಾರ ಅವನಿಗೆ ರಜೆಯಂತೆ, ಎಲಿಫೆಂಟಾಕ್ಕೆ ಅವನೇ ಕರ್ಕೊಂಡು ಹೋಗ್ತಾನಂತೆ. ಟೀಚರ್ ಮೊದಲೇ ನೋಡಿದ್ದಾರೆ, ಆದ್ರೂ ನನ್ನ ಒಟ್ಟಿಗೆ ಒಂದು ಸಲ ಬರ್ಲಿ ಅಂದ." ಆಮೇಲೆ ನನ್ನನ್ನೇ ನೋಡಿದರು. "ನೀನು ಯಾವಾಗ ನೋಡಿದ್ದು?"

"ಬಿಸಿಲು ಜೋರುಂಟು, ನಡೀರಿ" ಎಂದೆ.

ಭಾನುವಾರ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಕಟ್ಟುಮಸ್ತಾದ ಗಂಡಸೊಬ್ಬ ಬಂದು ಕಾಲು ಮುಟ್ಟಿದ. ಮುಂದಲೆ ಕೂದಲು ಉದುರಿದೆ, ಕಣ್ಣು ಮಾತ್ರ ಅದೇ ಎಂಟನೆಯ ತರಗತಿಯದು. ಹೆರೆಮಣೆಯನ್ನು ಹೆಗಲಿಗೇರಿಸಿಕೊಂಡು ನಮ್ಮನ್ನು ದೋಣಿಯ ಅಂಚಿನ ಸೀಟಿನಲ್ಲೇ ಕೂರಿಸಿದ. ದೋಣಿ ಹೊರಟಿತು. ನಾನು ಹಡಗುಗಳ ಬಗ್ಗೆ ಕೇಳಿದೆ, ಅವನ ಹೆಂಡತಿಯ ಬಗ್ಗೆ ಕೇಳಿದೆ, ಮಕ್ಕಳ ಅಂಕಗಳ ಬಗ್ಗೆ ಕೇಳಿದೆ. ಅವನು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ, ಕಣ್ಣು ಮಾತ್ರ ನೀರಿನ ಮೇಲೆಯೇ ಇತ್ತು.

"ಬೊಂಬಾಯಿಗೆ ಬಂದ ಮೊದಲ ವಾರವೇ ಇಲ್ಲಿಗೆ ಬಂದೆ ಟೀಚರ್" ಎಂದ. "ನೀವು ಹೇಳಿದ್ದು ತಲೆಯಲ್ಲೇ ಇತ್ತು. ಹೋಟೆಲಿನಲ್ಲಿ ಪ್ಲೇಟು ತೊಳೀತಿದ್ದೆ ಆವಾಗ. ಬೇಜಾರಾದಾಗೆಲ್ಲ ಈ ದೋಣಿ ಹತ್ತಿ ಬರುದು. ಇವತ್ತಿನವರೆಗೆ ಹನ್ನೊಂದು ಸಲ ಆಯ್ತು. ಡಾಲ್ಫಿನ್ ಮಾತ್ರ ಒಂದೂ ಕಾಣ್ಲಿಲ್ಲ. ಇವತ್ತು ನೀವಿದ್ದೀರಲ್ಲ, ಬಂದ್ರೂ ಬಂದಾವು."

ಅವನು ಗೇಲಿ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಮೂವತ್ತಮೂರು ವರ್ಷದ ಮನುಷ್ಯ ನಿಜವಾಗಿಯೂ ಹುಡುಕುತ್ತಿದ್ದ. ನನಗೆ ನಾಚಿಕೆಯಾಯಿತು. ನಾನು ಗುಹೆ ನೋಡಿದರೆ ಸುಳ್ಳು ನಿಜವಾಗುತ್ತದೆಂದು ಲೆಕ್ಕ ಹಾಕಿದ್ದೆನಲ್ಲ, ಆ ಲೆಕ್ಕದಲ್ಲಿ ಈ ಹನ್ನೊಂದು ಸಲ ಇರಲೇ ಇಲ್ಲ.

"ದಿನೇಶ" ಎಂದೆ. "ಡಾಲ್ಫಿನ್ ಇರ್ಲಿಲ್ಲ. ನಾನೂ ಇರ್ಲಿಲ್ಲ. ಇವತ್ತೇ ನಾನು ಮೊದಲ ಸಲ ಬರುದು."

ಅವನು ಒಮ್ಮೆ ನನ್ನನ್ನು, ಒಮ್ಮೆ ನೀರನ್ನು ನೋಡಿದ. ಆಮೇಲೆ ತಲೆ ಕೆರೆದುಕೊಂಡ.

"ಎಂತ ಟೀಚರ್, ಈಗ ಹೇಳುದಾ? ನಾನು ನೋಡಿದ್ದೇನೆ ಅಂತ ನನ್ನ ಮಕ್ಕಳಿಗೆ ಹೇಳಿ ಆಯ್ತಲ್ಲ. ಅವರು ಶಾಲೆಯಲ್ಲಿ ಹೇಳಿ ಆಯ್ತು."

"ನೀನು ಎಷ್ಟು ಹೇಳಿದ್ದು?"

"ನಾಲ್ಕು" ಎಂದ, ತಲೆ ತಗ್ಗಿಸಿ.

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಮಣೆ ಹೆಗಲಿನಿಂದ ಜಾರುವಷ್ಟು ನಕ್ಕ. ನನ್ನ ಗಂಡ ಎಲ್ಲವನ್ನೂ ಕೇಳಿ, ಪಂಪಿನ ದೋಷ ಹುಡುಕುವಾಗಿನ ಮುಖ ಮಾಡಿ ನಿಧಾನಕ್ಕೆ ಹೇಳಿದರು: "ನೀನು ಎರಡು ಹೇಳಿದ್ದೇ ತಪ್ಪಾದ್ದು. ಒಂದು ಹೇಳಿದ್ರೆ ಸಾಕಿತ್ತು."

ದ್ವೀಪದಲ್ಲಿ ನೂರಕ್ಕೂ ಮೇಲ್ಪಟ್ಟು ಮೆಟ್ಟಿಲುಗಳಿವೆ. ಇಪ್ಪತ್ತು ವರ್ಷದಲ್ಲಿ ನಾನು ಒಂದು ಮೆಟ್ಟಿಲನ್ನೂ ಮಕ್ಕಳಿಗೆ ಹೇಳಿರಲಿಲ್ಲ. ಅರ್ಧಕ್ಕೆ ಬರುವಾಗ ನನ್ನ ಮೊಣಕಾಲು ಮುಷ್ಕರ ಹೂಡಿತು. ಕೂರಲು ಜಾಗವಿಲ್ಲ, ಇದ್ದಲ್ಲಿ ಮಂಗಗಳು ಕೂತಿದ್ದವು. ದಿನೇಶ ಹೆರೆಮಣೆ ಕೆಳಗಿಟ್ಟು, ಕಬ್ಬಿಣಕ್ಕೆ ಲುಂಗಿ ಸರಿಯಾಗಿ ಸುತ್ತಿ, "ಕೂತ್ಕೊಳ್ಳಿ ಟೀಚರ್" ಎಂದ. ಕಮಲಕ್ಕನಿಗೆ ಮನಸ್ಸಿನಲ್ಲೇ ಕೈಮುಗಿದು ಕೂತೆ. ಹೀಗೆ ಮೂರು ಕಡೆ ಕೂತು ಗುಹೆ ತಲುಪಿದೆ.

ಒಳಗೆ ತಂಪು, ಅರೆಗತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಅದು ಕಾಣಿಸಿತು. ಹೆಬ್ಬೆರಳಿನಷ್ಟು ಚಿತ್ರವನ್ನು ನೋಡಿ ನೋಡಿ ಪಾಠ ಮಾಡಿದವಳಿಗೆ ಅದು ನಮ್ಮ ಶಾಲೆಯ ಹಂಚಿನ ಮಾಡಿಗಿಂತ ಎತ್ತರ ಇದ್ದೀತೆಂದು ಗೊತ್ತೇ ಇರಲಿಲ್ಲ. ಮೂರು ಮುಖ ಬೇರೆ ಬೇರೆಯಾಗಿ ಕಂಡವು: ಒಂದಕ್ಕೆ ಸಿಟ್ಟು, ಒಂದು ಮೃದು, ನಡುವಿನದು ಕಣ್ಣು ಮುಚ್ಚಿ ಸುಮ್ಮನಿತ್ತು. ನನಗೆ ಅಳು ಬಂತು. ಇಷ್ಟು ದೊಡ್ಡದಕ್ಕೆ ಡಾಲ್ಫಿನ್‌ನ ಬೆಂಬಲ ಬೇಕೆಂದು ನಾನು ಎಣಿಸಿದ್ದೆನಲ್ಲ ಎಂದು ಬೇಸರವೂ ಆಯಿತು. ದಿನೇಶ ಪಕ್ಕದಲ್ಲಿ ನಿಂತು, ಯಾವ ಮುಖ ಯಾವುದೆಂದು ನನಗೆ ಪಾಠ ಮಾಡಿದ. ಸರಿಯಾಗಿಯೇ ಮಾಡಿದ. ನಾನು ಕೈಕಟ್ಟಿ ಕೇಳಿದೆ.

ಊರಿಗೆ ಬಂದು, ಕಂಬಳಿ, ಡಬ್ಬಗಳನ್ನು ಆಯಾ ಅಮ್ಮಂದಿರಿಗೆ ಮುಟ್ಟಿಸಿ, ಶಾಲೆಗೆ ಹೋದೆ. ಈ ವರ್ಷದ ಎಂಟನೆಯ ತರಗತಿಗೆ ಆ ಪಾಠ ಬಾಕಿಯಿತ್ತು. ಸತ್ಯವನ್ನೇ ಹೇಳುವುದೆಂದು ಗಟ್ಟಿ ಮನಸ್ಸು ಮಾಡಿ, ರೈಲಿನಲ್ಲೇ ಚೀಟಿ ಬರೆದುಕೊಂಡಿದ್ದೆ. ಮೆಟ್ಟಿಲು ಹೇಳಿದೆ, ಮಂಗ ಹೇಳಿದೆ, ಮೊಣಕಾಲು ನೋವು ಹೇಳಿದೆ, ಕಂಬಗಳು, ಕತ್ತಲು, ಮೂರು ಮುಖ ಒಂದೊಂದನ್ನೇ ಹೇಳಿದೆ. ಇಷ್ಟು ನಿಜವಾದ ಪಾಠವನ್ನು ನನ್ನ ಸರ್ವಿಸಿನಲ್ಲೇ ಮಾಡಿರಲಿಲ್ಲ. ಮಕ್ಕಳು ವಿನಯದಿಂದ ಆಕಳಿಸಿದರು. ಮೊದಲ ಬೆಂಚಿನ ಹುಡುಗಿ ತುಂಬ ಹೊತ್ತು ತಡೆದು, ಕೊನೆಗೆ ಕೈ ಎತ್ತಿದಳು.

"ಟೀಚರ್, ಡಾಲ್ಫಿನ್? ನೀವು ಹೋದಾಗ ಎರಡು ಇತ್ತು ಅಂತ ನನ್ನ ಅಕ್ಕ ಹೇಳಿದ್ದಾಳೆ."

ಇಡೀ ತರಗತಿ ಎಚ್ಚರವಾಯಿತು. ಮೂವತ್ತೈದು ಜೊತೆ ಕಣ್ಣುಗಳು, ಒಂದೊಂದೂ ದಿನೇಶನ ಕಣ್ಣೇ. ಚೀಟಿಯಲ್ಲಿ ಉತ್ತರ ಸ್ಪಷ್ಟವಾಗಿ, ಕೆಂಪು ಅಕ್ಷರದಲ್ಲಿ, ಅಡಿಗೆರೆ ಸಮೇತ ಇತ್ತು. ಅದನ್ನು ಓದಲೆಂದೇ ಕನ್ನಡಕ ಹಾಕಿಕೊಂಡೆ.

"ಈ ಸಲ ಒಂದೇ ಇತ್ತು ಮಕ್ಕಳೇ" ಎಂದೆ.

ಎರಡರಿಂದ ಒಂದಕ್ಕೆ ಇಳಿದಿದ್ದೇನೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಉಂಟು, ಅಷ್ಟರಲ್ಲಿ ಉಳಿದದ್ದನ್ನೂ ಸಮುದ್ರಕ್ಕೆ ಬಿಡುವ ಯೋಜನೆ ಹಾಕಿಕೊಂಡಿದ್ದೇನೆ. ನನ್ನ ಯೋಜನೆಗಳು ಹೇಗೆ ನಡೆಯುತ್ತವೆ ಎಂಬುದು ನಿಮಗೆ ಈಗ ಗೊತ್ತೇ ಇದೆ.